ಎರಡೂವರೆ ಕೆಜಿಯಲ್ಲಿ ಮೊದಲ ಹುಟ್ಟುಹಬ್ಬ: ಮೊಮ್ಮಗುವಿನ ಮನೆಗೆ ಇಡೀ ಥೀಮ್ ಹೊತ್ತೊಯ್ದ ಬಗೆ

ಥೀಮ್ ಪಾರ್ಟಿಯ ಪೂರ್ತಿ ಅಲಂಕಾರ ಎರಡೂವರೆ ಕೆಜಿಯಲ್ಲಿ ಮುಗಿಯುತ್ತದೆ ಎಂದಾಗ ಮನೆಯಲ್ಲಿ ಒಬ್ಬರೂ ನಂಬಲಿಲ್ಲ. "ಅಮ್ಮಾ, ಎಲ್ಲ ಇಲ್ಲೇ ಸಿಗುತ್ತೆ, ನೀವಿಬ್ಬರೂ ಕೈಬೀಸಿಕೊಂಡು ಬನ್ನಿ" ಎಂಬ ಮಾತು ಹೊರದೇಶದಲ್ಲಿ ಮಕ್ಕಳಿರುವ ಎಲ್ಲ ಅಜ್ಜ-ಅಜ್ಜಿಯರಿಗೂ ಗೊತ್ತು. ಅವರು ಹಾಗೆ ಹೇಳುವುದಕ್ಕೆ ಕಾರಣವೂ ಇತ್ತು. ಮೊದಲ ಮೊಮ್ಮಗುವಿಗೆ 11 ಕೆಜಿ ಹೊತ್ತಿದ್ದೆವು, ಅರ್ಧಕ್ಕರ್ಧ ಕೆಲಸಕ್ಕೆ ಬರಲಿಲ್ಲ. ಎರಡನೆಯದಕ್ಕೆ ಸುಮಾರು 6 ಕೆಜಿ. ಮೂರನೆಯದಕ್ಕೆ ಎರಡೂವರೆ. ಮೂರೂ ಫೋಟೋ ಪಕ್ಕಪಕ್ಕ ಇಟ್ಟರೆ ಗೋಡೆ ತುಂಬಿ ಕಾಣುವುದು ಮೂರನೆಯದರಲ್ಲೇ. ಸ್ವಲ್ಪ ಜಂಬ ಅನ್ನಿಸಿದರೆ ಅನ್ನಿಸಲಿ.

ನಾವು ಕಂಡುಕೊಂಡದ್ದು ಇಷ್ಟೇ: ಚಪ್ಪಟೆಯಾಗಿ ಮಲಗುವ ಬಟ್ಟೆ, ಕಾಗದ, ರಬ್ಬರ್ ಮಾತ್ರ ಸೂಟ್‌ಕೇಸಿಗೆ. ಗಾಳಿ, ಚೌಕಟ್ಟು, ಕೇಕ್, ದ್ರವ ಈ ನಾಲ್ಕೂ ಮಗುವಿನ ಮನೆಯ ಕಡೆಯವು. ಹೊತ್ತದ್ದರಲ್ಲಿ ಕೆಟ್ಟು ಹೋದದ್ದೆಲ್ಲ ಈ ಗೆರೆ ದಾಟಿದ ವಸ್ತುಗಳೇ.

ಮೊದಲು ದುಡ್ಡಿನ ಲೆಕ್ಕ. ಮೊದಲ ಸಲದ ಖರ್ಚಿನಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಹೆಚ್ಚುವರಿ ಬ್ಯಾಗಿನ ಶುಲ್ಕಕ್ಕೇ ಹೋಯಿತು, ಅಂದರೆ ಒಳಗಿದ್ದ ಪ್ಲಾಸ್ಟಿಕ್ ಪೈಪು, ಪಂಪು, ಫ್ಲೆಕ್ಸಿನ ಬೆಲೆಗಿಂತ ಅವನ್ನು ಹೊತ್ತ ಬಾಡಿಗೆಯೇ ಜಾಸ್ತಿ. ಮೂರನೆಯ ಸಲದ ಒಟ್ಟು ಖರ್ಚು ಮೊದಲನೆಯದರ ಮೂರನೇ ಒಂದಕ್ಕೆ ಇಳಿಯಿತು. ಅದನ್ನು ನೂರು ಪಾಲು ಮಾಡಿದರೆ ಬ್ಯಾಕ್‌ಡ್ರಾಪ್ (ಮಗುವಿನ ಹಿಂದೆ ತೂಗು ಹಾಕುವ ಚಿತ್ರದ ಪರದೆ) ಬಟ್ಟೆಯ ಪ್ರಿಂಟ್ 38, ಮೇಜಿನ ಬಟ್ಟೆ 12, ರಬ್ಬರ್ ಬಲೂನು ಮತ್ತು ಹೊಳೆಯುವ ಹಾಳೆಯ ಫಾಯಿಲ್ ಬಲೂನು 18, ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಚಂದ್ರಗಳು ಮತ್ತು ಫೋಟೋ ಪ್ರಿಂಟ್ 14, ದೀಪದ ಸರ 8, ಕೈಪಂಪು 4, ಟೇಪು-ದಾರ ಇತ್ಯಾದಿ 6. ನೆನಪಿನಿಂದ ಬರೆಯುತ್ತಿರುವ ಲೆಕ್ಕ, ಒಂದೆರಡು ಪಾಲು ಆಚೀಚೆ ಇರಬಹುದು. ದುಡ್ಡು ಉಳಿಸಬೇಕೆಂದರೆ ಬ್ಯಾಕ್‌ಡ್ರಾಪಿನಲ್ಲಿ ಉಳಿಸಬೇಡಿ. ಎಲ್ಲ ಫೋಟೋದಲ್ಲೂ ಬರುವುದು ಅದೊಂದೇ.

ಥೀಮು ಚಂದ್ರ-ನಕ್ಷತ್ರ. ಕಾಡು, ಸಮುದ್ರ, ಸರ್ಕಸ್ ಯಾವುದಿದ್ದರೂ ಕ್ರಮ ಇದೇ. ಚಂದ್ರನನ್ನು ಆರಿಸಿದ್ದಕ್ಕೆ ಕಾರಣ ಬಣ್ಣ ಮೂರೇ ಸಾಕು ಎಂಬುದು: ಕಡುನೀಲಿ, ಬಿಳಿ, ಮಾಸಲು ಚಿನ್ನ. ಬಣ್ಣ ನಾಲ್ಕು ದಾಟಿತೋ, ಎರಡು ಬೇರೆ ಊರುಗಳಲ್ಲಿ ಕೊಂಡ ಸಾಮಾನು ಒಂದಕ್ಕೊಂದು ಹೊಂದುವುದೇ ಇಲ್ಲ.

ಬ್ಯಾಕ್‌ಡ್ರಾಪ್

ಮೊದಲ ಸಲ ಫ್ಲೆಕ್ಸ್ ಮಾಡಿಸಿದ್ದೆವು, 1.5 ಮೀಟರ್ ಅಗಲ, 2.1 ಮೀಟರ್ ಎತ್ತರ. ಫ್ಲೆಕ್ಸ್ ಚದರ ಮೀಟರಿಗೆ 440 ಗ್ರಾಂನದ್ದಾದರೆ ಅದೊಂದೇ 1.4 ಕೆಜಿ ತೂಗುತ್ತದೆ. ತೂಕ ಹೇಗೋ ನಿಭಾಯಿಸಬಹುದು, ಮಡಿಸುವುದು ಆಗದು. ಮಡಿಸಿದ ಕಡೆ ಬಿಳಿ ಬಿರುಕು ಗೆರೆ ಬಿದ್ದರೆ ಯಾವ ಇಸ್ತ್ರಿಗೂ ಹೋಗದು. ಸುರುಳಿ ಸುತ್ತಿದರೆ ಕೊಳವೆ 150 ಸೆಂಟಿಮೀಟರ್ ಉದ್ದ. ಹೆಚ್ಚಿನ ವಿಮಾನ ಸಂಸ್ಥೆಗಳು ಉದ್ದ, ಅಗಲ, ಎತ್ತರ ಮೂರೂ ಕೂಡಿ 158 ಸೆಂಟಿಮೀಟರ್ ಎನ್ನುತ್ತವೆ. 150ಕ್ಕೆ 10, ಇನ್ನೊಂದು 10 ಸೇರಿದರೆ 170, ತೆಗೆಯಿರಿ ದಂಡ. ಹಾಗೂ ಹೀಗೂ ತಲುಪಿಸಿದ ಮೇಲೆ ಕ್ಯಾಮೆರಾ ಫ್ಲಾಶ್ ಬಿದ್ದು ಮಗುವಿನ ತಲೆಯ ಹಿಂದೆ ಬಿಳಿ ಹೊಳಪಿನ ತೇಪೆ.

ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸಿ. ಸುಮಾರು 130 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಪಾಲಿಯೆಸ್ಟರ್ ಸಾಕು. ಅದೇ ಅಳತೆಗೆ ಹೊಲಿಗೆಯೂ ಸೇರಿ 450 ಗ್ರಾಂ ಒಳಗೆ ಬರುತ್ತದೆ. ಫೈಲು ಪೂರ್ತಿ ಅಳತೆಯಲ್ಲಿ 100 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಇದ್ದರೆ ಸಾಕು, ಅಂದರೆ ಸುಮಾರು 5900 × 8300 ಪಿಕ್ಸೆಲ್. 300 ಡಿಪಿಐ ಕೊಡಲೇಬೇಕೆಂದು ಅಂಗಡಿಯವರು ಹೇಳಿದರೂ ನಾಲ್ಕು ಹೆಜ್ಜೆ ದೂರದಿಂದ ನೋಡುವ ಬಟ್ಟೆಗೆ ಅದು ವ್ಯರ್ಥ.

ಕಡುನೀಲಿಯದ್ದೇ ದೊಡ್ಡ ತಲೆನೋವು. ಕಂಪ್ಯೂಟರ್ ಪರದೆಯ ಮೇಲೆ ರಾತ್ರಿಯ ಆಕಾಶ, ಬಟ್ಟೆಯ ಮೇಲೆ ಬದನೆಕಾಯಿ ಬಣ್ಣ. ಪ್ರಿಂಟಿನ ಶಾಯಿಗಳಲ್ಲಿ ಸಯಾನ್ (ಹಸಿರು ಮಿಶ್ರಿತ ನೀಲಿ) ಮತ್ತು ಮಜೆಂಟಾ (ಗುಲಾಬಿ ಕೆಂಪು) ಎರಡೂ ಸಮಸಮ ಇದ್ದರೆ ನೀಲಿ ನೇರಳೆಗೆ ತಿರುಗುತ್ತದೆ. ಸಯಾನ್ 100 ಇಟ್ಟು ಮಜೆಂಟಾವನ್ನು 65-70ರ ಮೇಲೆ ಹೋಗಲು ಬಿಡಬೇಡಿ, ಉಳಿದ ಕಪ್ಪನ್ನು ಕಪ್ಪಿನಿಂದಲೇ ತುಂಬಿ. ಎರಡನೆಯ ಸಲ ಇಡೀ ಬಟ್ಟೆ ನೇರಳೆಯಾಗಿ ಬಂದು ಮತ್ತೆ ಮಾಡಿಸಬೇಕಾಯಿತು, ಅದು ನೂರರಲ್ಲಿ 38 ಪಾಲು ನೀರಿಗೆ ಹಾಕಿದ ಹಾಗೆ. ಈಗ ಅದೇ ಬಟ್ಟೆಯ ಒಂದು ಅಂಗೈಯಗಲದ ತುಂಡಿನ ಮೇಲೆ ಐದು ನೀಲಿ ಪಟ್ಟಿ ಹೊಡೆಸಿ ನೋಡಿ ಆಮೇಲೆ ದೊಡ್ಡದಕ್ಕೆ ಒಪ್ಪಿಗೆ. ಆ ತುಂಡನ್ನೇ ಲಕೋಟೆಯಲ್ಲಿ ಹಾಕಿ ಮಗಳಿಗೆ ಕಳಿಸಿದರೆ ಕೇಕ್ ಮಾಡುವವರಿಗೆ ತೋರಿಸಲು ಬಣ್ಣದ ಮಾದರಿಯೂ ಆಯಿತು. ಫೋನಿನಲ್ಲಿ ಕಳಿಸಿದ ನೀಲಿ ಒಂದೊಂದು ಫೋನಿನಲ್ಲಿ ಒಂದೊಂದು ನೀಲಿ.

ಹೊಲಿಗೆ: ಎರಡು ಪಕ್ಕ 2 ಸೆಂಟಿಮೀಟರ್ ಮಡಿಕೆ. ಮೇಲ್ಗಡೆ 8 ಸೆಂಟಿಮೀಟರ್ ಕೊಳವೆ, ಯಾವ ಕರ್ಟನ್ ರಾಡಾದರೂ ತೂರುವಷ್ಟು. ಕೆಳಗೆ 5 ಸೆಂಟಿಮೀಟರ್ ಕೊಳವೆ, ಅದರೊಳಗೆ ತೂಕ ಹಾಕದಿದ್ದರೆ ಬಟ್ಟೆ ಅಲೆಯಾಡಿ ನಕ್ಷತ್ರಗಳೆಲ್ಲ ಸೊಟ್ಟ ಕಾಣುತ್ತವೆ. ಏನು ಹಾಕುತ್ತೇವೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಹೊತ್ತುಕೊಂಡು ಹೋಗುವಂಥದ್ದಲ್ಲ, ಪುಟ್ಟ ಮಗು ಇರುವ ಪ್ರತಿ ಮನೆಯಲ್ಲೂ ಇರುವಂಥದ್ದು ಎಂದಷ್ಟೇ ಸುಳಿವು.

ಪ್ಯಾಕ್ ಮಾಡುವಾಗ ಚೌಕ ಚೌಕವಾಗಿ ಮಡಿಸಬೇಡಿ. ದಪ್ಪ ಟವೆಲ್ಲಿನ ಸುರುಳಿಯ ಮೇಲೆ ಪ್ರಿಂಟ್ ಹೊರಗೆ ಬರುವಂತೆ ಸುತ್ತಿ. ಅಗಲಕ್ಕೆ ಒಂದೇ ಮಡಿಕೆ, ಆ ಮಡಿಕೆಯೊಳಗೂ ಒಂದು ಮೆತ್ತನೆ ಬಟ್ಟೆ. ಸ್ನಾನದ ಮನೆಯಲ್ಲಿ ಬಿಸಿನೀರು ಬಿಟ್ಟು ಆವಿಯಲ್ಲಿ 20 ನಿಮಿಷ ನೇತು ಹಾಕಿದರೆ ಸುಕ್ಕು ಹೋಗುತ್ತದೆ, ಮಡಿಕೆಯ ಗೆರೆ ಹೋಗದು. ಗೆರೆಗೆ ಇಸ್ತ್ರಿಯೇ ಬೇಕು, ಒಂದು ಚುಕ್ಕೆಯ ಗುರುತಿಗೆ (ಸುಮಾರು 110 ಡಿಗ್ರಿ), ಅದೂ ಹಿಂಬದಿಯಿಂದ. ಬಿಸಿ ಹೆಚ್ಚಾದರೆ ಪಾಲಿಯೆಸ್ಟರ್ ಮಿರಮಿರ ಹೊಳೆಯತೊಡಗುತ್ತದೆ. ಆ ಹೊಳಪು ಫೋಟೋದಲ್ಲಿ ಕಲೆಯಂತೆ ಬರುತ್ತದೆ.

ಸ್ಟ್ಯಾಂಡಿನ ಕಥೆ ಬೇಗ ಮುಗಿಸುತ್ತೇನೆ. ಪೈಪು ಅಲ್ಲೇ ಕೊಳ್ಳೋಣ, ಮೂಲೆಯ ಜಾಯಿಂಟುಗಳನ್ನಷ್ಟೇ ಒಯ್ಯೋಣ ಎಂಬುದು ನಮ್ಮವರ ಐಡಿಯಾ. ಕೇಳಲು ಚೆನ್ನಾಗಿದೆ. ಆದರೆ 20 ಮಿಲಿಮೀಟರ್ ಅಳತೆಯ ಜಾಯಿಂಟಿಗೆ ಅಂಗುಲದ ಲೆಕ್ಕದ ಅರ್ಧ ಇಂಚು ಪೈಪು ತೂರದು, ಏಕೆಂದರೆ ಹೆಸರು ಅರ್ಧ ಇಂಚಾದರೂ ಅದರ ಹೊರವ್ಯಾಸ 21.3 ಮಿಲಿಮೀಟರ್. 1.3 ಮಿಲಿಮೀಟರಿಗೆ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಕರ್ಟನ್ ರಾಡಿಗೆ ನೇತು ಹಾಕುವುದೇ ಶಾಶ್ವತ ಪರಿಹಾರ. ಹೊರಡುವ ಒಂದು ತಿಂಗಳ ಮೊದಲೇ ಆ ರಾಡು ನೆಲದಿಂದ ಎಷ್ಟು ಎತ್ತರ, ಎಷ್ಟು ದಪ್ಪ, ಹಿಂದೆ ಕಿಟಕಿ ಇದೆಯೇ ಎಂದು ವಿಡಿಯೋ ಕಾಲಿನಲ್ಲಿ ಟೇಪು ಹಿಡಿಸಿ ನೋಡಿಕೊಳ್ಳಿ. ಹಿಂದೆ ಕಿಟಕಿಯಿದ್ದರೆ ಹಗಲಲ್ಲಿ ಬೆಳಕು ಬಟ್ಟೆಯ ಮೂಲಕ ಬಂದು ನೀಲಿ ತೆಳ್ಳಗಾಗುತ್ತದೆ. ಮನೆಯ ದಪ್ಪ ಪರದೆಯನ್ನು ತೆಗೆಯದೆ ಅದರ ಮೇಲೇ ಹಾಕಿ.

ಬಲೂನು

ಕೊನೆಗೂ ಥೀಮನ್ನು ತುಂಬಿಸುವುದು ಬಲೂನೇ, ಮತ್ತು ತೂಕಕ್ಕೆ ಅದರಷ್ಟು ಉದಾರ ವಸ್ತು ಬೇರೆ ಇಲ್ಲ. 30 ಸೆಂಟಿಮೀಟರಿನ ಒಂದು ಲೇಟೆಕ್ಸ್ (ರಬ್ಬರ್) ಬಲೂನು ಸುಮಾರು 3 ಗ್ರಾಂ, 12 ಸೆಂಟಿಮೀಟರಿನದ್ದು ಒಂದು ಗ್ರಾಮೂ ಇಲ್ಲ. ಮೂರು ಮೀಟರ್ ಉದ್ದದ ಮಾಲೆಗೆ ನಮ್ಮ ಲೆಕ್ಕ: 30 ಸೆಂಟಿಮೀಟರಿನವು 45, ಚಿಕ್ಕವು 50, 45 ಸೆಂಟಿಮೀಟರಿನ ದೊಡ್ಡವು 5. ಒಡೆಯುವುದಕ್ಕೆಂದು ಇನ್ನು ಹತ್ತು. ಎಲ್ಲ ಸೇರಿ ಕಾಲು ಕೆಜಿ.

30 ಸೆಂಟಿಮೀಟರಿನ ಬಲೂನನ್ನು 30ಕ್ಕೆ ಉಬ್ಬಿಸಬಾರದು. 28ಕ್ಕೆ ನಿಲ್ಲಿಸಿ. ಆಚೆ ಹೋದರೆ ಕತ್ತು ಉದ್ದವಾಗಿ ಪೇರಲೆಹಣ್ಣಿನ ಆಕಾರ ಬರುತ್ತದೆ, ಸಣ್ಣ ತಾಕಿಗೂ ಢಮಾರ್. ರಟ್ಟಿನಲ್ಲಿ 28, 23, 18 ಮತ್ತು 10 ಸೆಂಟಿಮೀಟರಿನ ನಾಲ್ಕು ತೂತು ಕೊಯ್ದಿಟ್ಟುಕೊಂಡು ಪ್ರತಿ ಬಲೂನನ್ನೂ ಅದರಲ್ಲಿ ತೂರಿಸಿ ನೋಡಿ. 30 ಸೆಂಟಿಮೀಟರಿನವನ್ನೆಲ್ಲ ಒಂದೇ ಅಳತೆಗೆ ಉಬ್ಬಿಸಿದರೆ ಮಾಲೆ ದ್ರಾಕ್ಷಿ ಗೊಂಚಲಿನಂತೆ ಬರುತ್ತದೆ. 28, 23, 18 ಬೆರೆಸಿದರೆ ಮೋಡದಂತೆ. ಎರಡು ಬಲೂನಿನ ಕತ್ತು ಕತ್ತಿಗೆ ಕಟ್ಟಿ ಜೋಡಿ, ಎರಡು ಜೋಡಿ ತಿರುಚಿ ನಾಲ್ಕರ ಗೊಂಚಲು, ಅದನ್ನು ನೈಲಾನ್ ದಾರಕ್ಕೆ ಒಂದು ಸುತ್ತು. ಮೀಟರಿಗೆ ನಾಲ್ಕು ಗೊಂಚಲು, ಕೊನೆಯ ಮೀಟರಿನಲ್ಲಿ ಮೂರೇ ಸಾಕು. ಚಿಕ್ಕವನ್ನು ಕೊನೆಯಲ್ಲಿ ಅಂಟು ಚುಕ್ಕೆಯಿಂದ ಸಂದಿಗಳಿಗೆ. ಅಂಟು ಚುಕ್ಕೆಯನ್ನು ಬಲೂನಿನ ಹೊಟ್ಟೆಗೆ ಹಾಕಿದರೆ ಕೀಳುವಾಗ ಒಡೆಯುತ್ತದೆ, ಗಂಟಿನ ಪಕ್ಕಕ್ಕೆ ಹಾಕಿ.

ಎಲೆಕ್ಟ್ರಿಕ್ ಪಂಪು ಒಯ್ಯಬೇಡಿ. ಒಂದು ಕೆಜಿ ತೂಕ ಹಾಗಿರಲಿ, 230 ವೋಲ್ಟಿನ ಪಂಪು 120 ವೋಲ್ಟಿನ ಮನೆಯಲ್ಲಿ ಅಸ್ತಮಾ ಬಂದವರ ಹಾಗೆ ಊದುತ್ತದೆ, ತಿರುಗುಮುರುಗಾದರೆ ಹೊಗೆ. ಪ್ಲಗ್ಗಿನ ಅಡಾಪ್ಟರ್ ಪ್ಲಗ್ಗಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ ಎಂಬುದನ್ನು ನಾವು ಸುಟ್ಟ ವಾಸನೆಯಿಂದ ಕಲಿತೆವು. ಎಳೆದರೂ ಒತ್ತಿದರೂ ಗಾಳಿ ಬಿಡುವ ಕೈಪಂಪು 200 ಗ್ರಾಂ. 30 ಸೆಂಟಿಮೀಟರಿನ ಬಲೂನಿಗೆ ಇಪ್ಪತ್ತು-ಇಪ್ಪತ್ತೈದು ಸಲ ಎಳೆದು ಒತ್ತಬೇಕು. ಒಬ್ಬರು ಊದಿ ಒಬ್ಬರು ಗಂಟು ಹಾಕಿದರೆ ನೂರಕ್ಕೆ ಎರಡೂವರೆ ಗಂಟೆ. ಗಂಟು ಹಾಕುವವರು ತೋರುಬೆರಳಿಗೆ ಮೊದಲೇ ಎರಡು ಸುತ್ತು ಟೇಪು ಸುತ್ತಿಕೊಳ್ಳಿ, ಮೂವತ್ತು ಬಲೂನು ದಾಟಿದ ಮೇಲೆ ಚರ್ಮ ಸುಲಿಯುತ್ತದೆ. ಹಿಂದಿನ ರಾತ್ರಿಯೇ ಮುಗಿಸಿ. ಗಾಳಿ ತುಂಬಿದ ಬಲೂನು ಮನೆಯೊಳಗೆ ಮೂರ್ನಾಲ್ಕು ದಿನ ಏನೂ ಆಗುವುದಿಲ್ಲ. ಹೊರಗೆ ಬಿಸಿಲಿಗೆ ಕಡುನೀಲಿಯವು ಮೊದಲು ಸಿಡಿಯುತ್ತವೆ, ಗಾಢ ಬಣ್ಣ ಶಾಖ ಹೀರುತ್ತದೆ. ಬಿಸಿಲಲ್ಲಿ ಲೇಟೆಕ್ಸಿನ ಹೊಳಪೂ ಹೋಗಿ ಮೇಲೆ ಬೂದಿ ಹಿಡಿದಂತೆ ಮಂಕಾಗುತ್ತದೆ.

ಹೀಲಿಯಂ ನಮಗೆ ಬೇಡ. ಸಿಲಿಂಡರನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲಿ ಕೊಂಡರೂ 28 ಸೆಂಟಿಮೀಟರಿನ ಲೇಟೆಕ್ಸ್ ಬಲೂನು ತೇಲುವುದು 12ರಿಂದ 18 ಗಂಟೆ ಮಾತ್ರ. ಒಂದು ಮೀಟರ್ ಎತ್ತರದ ಫಾಯಿಲ್ "1" ಅನ್ನೂ ಗಾಳಿಯಿಂದಲೇ ತುಂಬಿ ಮೇಲಿನ ಕಿವಿಗೆ ದಾರ ಕಟ್ಟಿ ತೂಗು ಹಾಕಿ. ಸ್ಟ್ರಾವನ್ನು ಬಲೂನಿನ ಬಾಯಿಯೊಳಗೆ 8-10 ಸೆಂಟಿಮೀಟರ್ ತೂರಿಸದಿದ್ದರೆ ಒಳಗಿನ ಕವಾಟದ ಪದರ ತೆರೆಯುವುದೇ ಇಲ್ಲ, ಎಷ್ಟು ಊದಿದರೂ ಕೆನ್ನೆ ನೋವಷ್ಟೇ. ಅಂಚಿನ ಬೆಸುಗೆಯಲ್ಲಿ ಸಣ್ಣ ನೆರಿಗೆ ಇನ್ನೂ ಕಾಣುತ್ತಿರುವಾಗಲೇ ನಿಲ್ಲಿಸಿ. ಮುಗಿದ ಮೇಲೆ ಅದೇ ಸ್ಟ್ರಾ ತೂರಿಸಿ ಗಾಳಿ ತೆಗೆದು ಚಪ್ಪಟೆ ಮಾಡಿದರೆ ಮುಂದಿನ ಮೊಮ್ಮಗುವಿಗೂ ಬರುತ್ತದೆ. ನಮ್ಮ "1" ಎರಡನೆಯ ಸಲ ಕೆಲಸ ಮಾಡಿ ಮೂರನೆಯದಕ್ಕೂ ನಿಂತಿತು.

ಸಮಯ ಉಳಿಸೋಣವೆಂದು ಮನೆಯಲ್ಲೇ ಊದಿಕೊಂಡು ಹೋಗುವ ಯೋಚನೆ ಯಾರಿಗಾದರೂ ಬಂದರೆ: ವಿಮಾನದೊಳಗಿನ ಒತ್ತಡ ಸುಮಾರು 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಮುಚ್ಚಿದ ಗಾಳಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಹಿಗ್ಗುತ್ತದೆ. ಲೇಟೆಕ್ಸ್ ಒಂದಿಷ್ಟು ಸಹಿಸೀತು, ಹಿಗ್ಗಲಾರದ ಫಾಯಿಲ್ ಬೆಸುಗೆ ಬಿಡುತ್ತದೆ.

ಹನ್ನೆರಡು ಚಂದ್ರ

ಇದು ನಮ್ಮ ಹೆಮ್ಮೆಯ ಭಾಗ. ತಿಂಗಳಿಗೊಂದರಂತೆ ಹನ್ನೆರಡು ಫೋಟೋ ಎಲ್ಲರೂ ತೂಗು ಹಾಕುತ್ತಾರೆ. ನಾವು ಪ್ರತಿ ಫೋಟೋದ ಮೇಲೆ ಒಂದು ಚಂದ್ರ ಇಟ್ಟು, ಮೊದಲ ತಿಂಗಳಿಗೆ ಎಳೆಗೀರು, ಹನ್ನೆರಡಕ್ಕೆ ಪೂರ್ಣಚಂದ್ರ ಬರುವಂತೆ ಮಾಡಿದೆವು. ಚಂದ್ರ 20 ಸೆಂಟಿಮೀಟರ್ ಅಗಲದ ಫೆಲ್ಟ್ ವೃತ್ತ. ನಡುವೆ 5 ಸೆಂಟಿಮೀಟರ್ ಸಂದಿ ಬಿಟ್ಟರೆ ಸರ ಒಟ್ಟು 295 ಸೆಂಟಿಮೀಟರ್, ಸರಿಯಾಗಿ ಬಲೂನು ಮಾಲೆಯಷ್ಟೇ ಉದ್ದ.

ಕತ್ತರಿಸುವಾಗ ಎರಡು ತಟ್ಟೆ ಒಂದರ ಮೇಲೊಂದು ಇಟ್ಟು ಗೆರೆ ಎಳೆದರೆ ಮೊದಲ ನಾಲ್ಕು ತಿಂಗಳು ಹೇಗೋ ನಡೆಯುತ್ತದೆ. ಐದನೆಯದರಿಂದ ಎಡವಟ್ಟು, ಏಕೆಂದರೆ ಬೆಳಕು-ಕತ್ತಲಿನ ಗಡಿ ವೃತ್ತದ ತುಂಡಲ್ಲ, ಅರ್ಧ ದೀರ್ಘವೃತ್ತ. ಸುಲಭ ದಾರಿ ಇದು: ವೃತ್ತದ ಮೇಲೆ 2 ಸೆಂಟಿಮೀಟರಿಗೊಂದರಂತೆ ಒಂಬತ್ತು ಅಡ್ಡಗೆರೆ ಎಳೆಯಿರಿ. ಪ್ರತಿ ಗೆರೆಯ ಉದ್ದ ಅಳೆದು, ತಿಂಗಳ ಸಂಖ್ಯೆಯಿಂದ ಗುಣಿಸಿ, 12ರಿಂದ ಭಾಗಿಸಿ. ಬಂದಷ್ಟನ್ನು ಬೆಳಕಿನ ಅಂಚಿನಿಂದ ಗುರುತು ಮಾಡಿ, ಚುಕ್ಕೆಗಳನ್ನು ಕೈಯಿಂದ ಸೇರಿಸಿ. ನಡುಗೆರೆಯಲ್ಲಿ ಮೊದಲ ತಿಂಗಳಿಗೆ 1.7, ಮೂರಕ್ಕೆ 5, ಆರಕ್ಕೆ 10, ಒಂಬತ್ತಕ್ಕೆ 15 ಸೆಂಟಿಮೀಟರ್ ಬರುತ್ತದೆ. ಆರನೆಯದರಲ್ಲಿ ಗಡಿ ನೆಟ್ಟಗಿನ ಗೆರೆಯಾದರೆ ಲೆಕ್ಕ ಸರಿ ಎಂದರ್ಥ. ಮೊದಲ ತಿಂಗಳ ಎಳೆಗೀರಿಗೆ ಹಿಂದೆ ರಟ್ಟು ಅಂಟಿಸದಿದ್ದರೆ ಬಾಳೆನಾರಿನಂತೆ ಜೋಲುತ್ತದೆ.

ದಿಕ್ಕು ನೋಡಿಕೊಳ್ಳಿ. ಬೆಳೆಯುವ ಚಂದ್ರನ ಬೆಳಕು ಉತ್ತರ ಗೋಳಾರ್ಧದಲ್ಲಿ ಬಲಗಡೆ, ದಕ್ಷಿಣ ಗೋಳಾರ್ಧದಲ್ಲಿ ಎಡಗಡೆ. ಮಗು ಯಾವ ಕಡೆ ಬೆಳೆಯುತ್ತಿದೆಯೋ ಆ ಆಕಾಶವನ್ನೇ ತೂಗು ಹಾಕಬೇಕು. ಫೆಲ್ಟಿಗೆ ಎರಡೂ ಮುಖ ಒಂದೇ ಆದ್ದರಿಂದ ಮಗುಚಿ ಹಾಕಿದರೆ ಸಾಕು, ರಟ್ಟು ಅಂಟಿಸುವ ಮೊದಲು ಗೊತ್ತಿದ್ದರೆ. ಇನ್ನು ಲೆಕ್ಕಪಂಡಿತರ ಒಂದು ತಕರಾರು: ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.5 ದಿನ, ಹಾಗಾಗಿ ಒಂದು ವರ್ಷದಲ್ಲಿ ಕೆಲವೊಮ್ಮೆ 13 ಹುಣ್ಣಿಮೆ. ಅದನ್ನೂ ಒಮ್ಮೆ ಪ್ರಯತ್ನಿಸಿದೆವು. ಹದಿಮೂರನೆಯ ಚಂದ್ರನಿಗೆ ಹೊಂದುವ ಫೋಟೋ ಇರಲಿಲ್ಲ, ಸರವೂ ರಾಡಿಗಿಂತ ಉದ್ದವಾಯಿತು. ಹನ್ನೆರಡೇ ಇರಲಿ.

ಫೋಟೋ 10 × 15 ಸೆಂಟಿಮೀಟರ್, ಫೈಲು ಕನಿಷ್ಠ 1200 × 1800 ಪಿಕ್ಸೆಲ್. ಮಕ್ಕಳು ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿ ಬರುತ್ತದೆ, ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಲು ಹೇಳಿ. ಹತ್ತು ಸಲ ಹೇಳಬೇಕು. ಹನ್ನೊಂದನೆಯ ಮತ್ತು ಹನ್ನೆರಡನೆಯ ತಿಂಗಳ ಫೋಟೋ ಹೇಗೂ ತಡ, ಆ ಎರಡನ್ನು ಅಲ್ಲಿಗೆ ಹೋದ ಮೇಲೆ ಪ್ರಿಂಟ್ ಮಾಡಿಸಿ.

ಮಾಡಿ ಕೈಬಿಟ್ಟ ಪ್ರಯೋಗಗಳೂ ಇವೆ. ಕತ್ತಲಲ್ಲಿ ಹೊಳೆಯುವ ಬಣ್ಣದ ನಕ್ಷತ್ರಗಳು ಮನೆಯಲ್ಲಿ ಚೆಂದ ಕಂಡವು, ದೀಪ ಹಾಕಿದ ಪಾರ್ಟಿ ಕೋಣೆಯಲ್ಲಿ ಬರೀ ಹಸಿರು ಮಿಶ್ರಿತ ಕೊಳಕು ಬಿಳುಪು. ಒಳಗೆ ಬಣ್ಣದ ಚೂರು ತುಂಬಿದ ಪಾರದರ್ಶಕ ಬಲೂನು ಒಡೆದರೆ ಚೂರೆಲ್ಲ ನೆಲಕ್ಕೆ, ನೆಲದಿಂದ ಮಗುವಿನ ಬಾಯಿಗೆ. ಗಾಳಿ ಎಳೆದು ಸಣ್ಣದು ಮಾಡುವ ವ್ಯಾಕ್ಯೂಮ್ ಚೀಲ ಮೋಸದ್ದು: ಗಾತ್ರ ಇಳಿಯಿತೆಂದು ಇನ್ನಷ್ಟು ತುಂಬುತ್ತೇವೆ, ತೂಕ ಮಾತ್ರ ಇಳಿದಿರುವುದಿಲ್ಲ, ಮೇಲಾಗಿ ಬ್ಯಾಕ್‌ಡ್ರಾಪಿನಲ್ಲಿ ನೂರು ಸುಕ್ಕು. ಒಣ ಹುಲ್ಲು, ಮರದ ಬಿಲ್ಲೆ, ಪೈನ್ ಕಾಯಿ ಇಂಥ ಸಹಜ ವಸ್ತುಗಳ ಅಲಂಕಾರ ಎರಡನೆಯ ಸಲ ಮಾಡಿದ್ದೆವು. ಗಡಿಯಲ್ಲಿ ಜೈವಿಕ ತಪಾಸಣೆ ಬಿಗಿಯಾಗಿರುವ ಆಸ್ಟ್ರೇಲಿಯಾ, ನ್ಯೂಜಿಲೆಂಡಿನಂಥ ದೇಶಗಳಲ್ಲಿ ಸಸ್ಯದಿಂದ ಬಂದ ಏನೇ ಇದ್ದರೂ ಘೋಷಿಸಲೇಬೇಕು, ಕಸಿದುಕೊಂಡರೆ ಕೇಳುವಂತಿಲ್ಲ, ಘೋಷಿಸದಿದ್ದರೆ ದಂಡ ಬೇರೆ. ಮರ ಬೇಕೆನಿಸಿದರೆ ಬಟ್ಟೆಯ ಮೇಲೆ ಮರದ ಚಿತ್ರ ಪ್ರಿಂಟ್ ಮಾಡಿಸಿ.

ದೀಪ ಮತ್ತು ಬ್ಯಾಗು

ದೀಪದ ಸರ ಯುಎಸ್‌ಬಿಯದ್ದೇ ಆಗಲಿ. ಫೋನಿನ ಚಾರ್ಜರ್ ಎಲ್ಲ ಮನೆಯಲ್ಲೂ ಇದೆ, 5 ವೋಲ್ಟ್ ಎಲ್ಲ ದೇಶದಲ್ಲೂ 5 ವೋಲ್ಟೇ. 10 ಮೀಟರಿನ ಸರ 150 ಗ್ರಾಂ. ಬಟನ್ ಸೆಲ್ಲಿನ ಪುಟ್ಟ ದೀಪಗಳು ಮುದ್ದಾಗಿರುತ್ತವೆ, ಆದರೆ ಒಂದು ವರ್ಷದ ಮಗುವಿರುವ ಮನೆಗೆ ಅವು ಕಾಲಿಡಕೂಡದು. ನುಂಗಿದ ಬಟನ್ ಸೆಲ್ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಉಳಿದ ಸಾಮಾನಿಗೂ ಒಂದು ಪರೀಕ್ಷೆ ಇದೆ: ಟಾಯ್ಲೆಟ್ ಪೇಪರಿನ ಖಾಲಿ ಕೊಳವೆಯೊಳಗೆ ತೂರುವ ಏನನ್ನೂ ಮಗುವಿನ ಕೈಗೆಟಕುವ ಎತ್ತರದಲ್ಲಿ ಇಡಬೇಡಿ.

ಬ್ಯಾಗಿನ ವಿಷಯ ನಿಮಗೆಲ್ಲ ಗೊತ್ತಿರುವುದೇ, ಥೀಮಿಗೆ ಸಂಬಂಧಿಸಿದ್ದಷ್ಟೇ ಹೇಳುತ್ತೇನೆ. ಚಿಮ್ಮುವ ಕಿಡಿಯ ಮೇಣದಬತ್ತಿ, ಢಮ್ ಎನ್ನುವ ಪಾರ್ಟಿ ಪಾಪರ್, ಸ್ಪ್ರೇ ಬಣ್ಣ, ಘಾಟು ವಾಸನೆಯ ರಬ್ಬರ್ ಅಂಟು ಇವು ಕೈಚೀಲದಲ್ಲೂ ಬೇಡ, ಚೆಕ್-ಇನ್ನಿನಲ್ಲೂ ಬೇಡ. ಮಾಮೂಲಿ ಮೇಣದಬತ್ತಿಗೆ ತೊಂದರೆಯಿಲ್ಲ. ಕತ್ತರಿ ಚೆಕ್-ಇನ್‌ಗೆ, ಪವರ್ ಬ್ಯಾಂಕ್ ಕೈಚೀಲಕ್ಕೇ, 100 ವ್ಯಾಟ್-ಅವರ್ ಒಳಗಿನದ್ದು (ಸುಮಾರು 27,000 ಎಂಎಎಚ್). ಉಡುಗೊರೆಗೆ ಕಾಗದ ಸುತ್ತಿ ಒಯ್ಯಬೇಡಿ, ತಪಾಸಣೆಯವರು ಹರಿದು ನೋಡಿದರೆ ಮತ್ತೆ ಸುತ್ತಿ ಕೊಡುವುದಿಲ್ಲ. ಕಾಗದವನ್ನು ಬ್ಯಾಕ್‌ಡ್ರಾಪಿನ ಸುರುಳಿಯೊಳಗೇ ಸುತ್ತಿಡಿ.

ಎರಡು ಬ್ಯಾಗಿದ್ದರೆ ಥೀಮನ್ನು ಸೀಳಿ ಹಾಕಿ. ಬ್ಯಾಕ್‌ಡ್ರಾಪ್, ಫಾಯಿಲ್ "1", ಚಂದ್ರನ ಸರ, ಮಗುವಿನ ಬಟ್ಟೆ ಕೈಚೀಲದಲ್ಲಿ, ಎಲ್ಲ ಸೇರಿ ಒಂದು ಕೆಜಿ ಚಿಲ್ಲರೆ. ಬಲೂನು ಅರ್ಧರ್ಧ ಎರಡೂ ಸೂಟ್‌ಕೇಸಿಗೆ, ಒಂದರಲ್ಲಿ ಎಲ್ಲ ನೀಲಿ, ಇನ್ನೊಂದರಲ್ಲಿ ಎಲ್ಲ ಬಿಳಿ ಎಂದು ಮಾತ್ರ ಮಾಡಬೇಡಿ. ಒಂದು ಬ್ಯಾಗು ಬರದಿದ್ದರೆ ಇನ್ನೊಂದರಲ್ಲಿ ಚಿಕ್ಕದಾದರೂ ಪೂರ್ಣ ಥೀಮು ಇರಬೇಕು. 23 ಕೆಜಿಯ ಮಿತಿಗೆ 22ರಲ್ಲಿ ನಿಲ್ಲಿಸಿ, ಮನೆಯ ತಕ್ಕಡಿಗೂ ವಿಮಾನ ನಿಲ್ದಾಣದ ತಕ್ಕಡಿಗೂ ಯಾವಾಗಲೂ ಜಗಳ. ಮಾತ್ರೆ-ಔಷಧಿ ಚೀಟಿ ಸಮೇತ ಕೈಚೀಲದಲ್ಲಿ. ಮೊಣಕಾಲು ನೋವಿದ್ದರೆ ಗಾಲಿಕುರ್ಚಿಯನ್ನು 48 ಗಂಟೆ ಮೊದಲೇ ಹೇಳಿಡಿ, ಸಂಕೋಚ ಬೇಡ. ಬಲೂನು ಊದಲು ಆ ಶಕ್ತಿ ಉಳಿದಿರಲಿ.

ಮಗು

ಹುಟ್ಟುಹಬ್ಬಕ್ಕೆ ಹತ್ತು ದಿನ ಮೊದಲು ತಲುಪಿ. ಒಂದು ಗಂಟೆಯ ಕಾಲವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು ಮೈ ಹೊಂದಿಕೊಳ್ಳಲು. ಅದಕ್ಕಿಂತ ದೊಡ್ಡ ಕಾರಣ, ಈ ವಯಸ್ಸಿನಲ್ಲಿ ಮಕ್ಕಳಿಗೆ ಹೊಸಬರ ಭಯ ಜೋರು. ವಿಡಿಯೋ ಕಾಲಿನಲ್ಲಿ ದಿನಾ ನೋಡಿದ ಅಜ್ಜಿಯೂ ಎದುರಿಗೆ ಬಂದರೆ ಹೊಸಬಳೇ. ಎರಡು ದಿನ ಮೊದಲು ಹೋದ ಸಲ ಪಾರ್ಟಿಯ ಎಲ್ಲ ಫೋಟೋದಲ್ಲೂ ಮಗು ಅಮ್ಮನ ಹೆಗಲಿಗೆ ಮುಖ ಒತ್ತಿಕೊಂಡಿದೆ.

ಬಟ್ಟೆಗೆ ಲೇಬಲ್ಲಿನ "12 ತಿಂಗಳು" ನಂಬಬೇಡಿ. ವರ್ಷ ತುಂಬಿದ ಮಗುವಿನ ಎತ್ತರ ಸರಾಸರಿ 74-76 ಸೆಂಟಿಮೀಟರ್ ಅಷ್ಟೇ, ನಮ್ಮ ಮಗು ಸರಾಸರಿಯೇ ಎಂದು ಹೇಳಿದವರು ಯಾರು? ಈಗ ಸರಿಯಾಗಿ ಕೂರುತ್ತಿರುವ ಅಂಗಿಯನ್ನು ನೆಲದ ಮೇಲೆ ಹರಡಿ, ಪಕ್ಕದಲ್ಲಿ ಸ್ಕೇಲಿಟ್ಟು, ನೇರ ಮೇಲಿನಿಂದ ಫೋಟೋ ತೆಗೆದು ಕಳಿಸಲು ಹೇಳಿ. ಓರೆಯಾಗಿ ತೆಗೆದರೆ ಅಳತೆ ಮೋಸ. ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ ಸೇರಿಸಿ ಹೊಲಿಸಿ, ಕಾಲ ಸಂದಿಯಲ್ಲಿ ಒತ್ತುಗುಂಡಿ ಇರಲೇಬೇಕು, ಡೈಪರ್ ಬದಲಿಸುವವರ ಶಾಪ ತಟ್ಟಬಾರದು. ಕಿರೀಟಕ್ಕೆ ತಲೆಯ ಸುತ್ತಳತೆ 45-46 ಸೆಂಟಿಮೀಟರ್ ಹಿಡಿದು, ಪಟ್ಟಿ 52 ಕತ್ತರಿಸಿ ಹಿಂದೆ ವೆಲ್ಕ್ರೋ. ಗದ್ದದ ಕೆಳಗೆ ಎಲಾಸ್ಟಿಕ್ ಬೇಡ, ಕುತ್ತಿಗೆಗೆ ಅಪಾಯ. ಕಿರೀಟ ತಲೆಯ ಮೇಲಿರುವುದು ಹೆಚ್ಚೆಂದರೆ ಹತ್ತು ಸೆಕೆಂಡು. ಕ್ಯಾಮೆರಾ ಮೊದಲು ತಯಾರಿರಲಿ, ಕಿರೀಟ ಆಮೇಲೆ.

ಪಾರ್ಟಿ ಒಂದೂವರೆ ಗಂಟೆ, ನಿದ್ದೆಯಿಂದ ಎದ್ದ ಅರ್ಧ ಗಂಟೆಗೆ ಶುರು. ಅತಿಥಿಗಳ ಅನುಕೂಲ ನೋಡಿ ನಿದ್ದೆಯ ಹೊತ್ತಿಗೆ ಇಟ್ಟ ಪಾರ್ಟಿ ಯಾವುದೂ ಗೆದ್ದಿಲ್ಲ. ಹಾಡುವಾಗ ಇಪ್ಪತ್ತು ಜನ ಒಟ್ಟಿಗೆ ಕೂಗಿದರೆ ಮಗು ಬೆಚ್ಚಿ ಅಳುತ್ತದೆ. ಹತ್ತು ದಿನ ನಾವೇ ಮೆಲ್ಲಗೆ ಅದೇ ಹಾಡು ಹಾಡಿ ಕಿವಿಗೆ ಹಾಕಿಟ್ಟಿದ್ದೆವು. ಪಾರ್ಟಿಯ ದಿನ ಮಗು ಅಳದೆ ಇರಲು ಇನ್ನೂ ಒಂದು ಉಪಾಯ ಇತ್ತು. ಅದು ನಮ್ಮವರ ಸ್ವಂತ ಆಸ್ತಿ, ಬರೆಯಲು ಅನುಮತಿ ಸಿಗಲಿಲ್ಲ.

ಕಟ್ಟುವ ಕ್ರಮ: ಹಿಂದಿನ ಸಂಜೆ ಬ್ಯಾಕ್‌ಡ್ರಾಪ್, ಇಸ್ತ್ರಿ, ಕೆಳಗಿನ ತೂಕ. ಮಗು ಮಲಗಿದ ಮೇಲೆ ಬಲೂನು, ಬೇರೆ ಕೋಣೆಯಲ್ಲಿ, ಏಕೆಂದರೆ ಒಂದು ಒಡೆದರೂ ಆ ರಾತ್ರಿ ಮುಗಿಯಿತು. ಬೆಳಿಗ್ಗೆ ಮಾಲೆಯನ್ನು ತೂಗು ಹಾಕಿ ಸಂದಿಗೆ ಚಿಕ್ಕ ಬಲೂನು. ದೀಪ ಮತ್ತು ಚಂದ್ರನ ಸರ ಕೊನೆಗೆ. ಗೋಡೆಗೆ ಟೇಪು ಅಂಟಿಸುವ ಮುನ್ನ ಬಾಗಿಲ ಹಿಂದಿನ ಮೂಲೆಯಲ್ಲಿ ಒಂದು ತುಂಡು ಒಂದು ರಾತ್ರಿ ಬಿಟ್ಟು ಕಿತ್ತು ನೋಡಿ. ಬಾಡಿಗೆ ಮನೆಯ ಬಣ್ಣ ಕಿತ್ತು ಬಂದರೆ ಮಕ್ಕಳ ಠೇವಣಿಯಲ್ಲಿ ಕಡಿತ, ಎರಡನೆಯ ಸಲ ಅದೂ ಆಗಿತ್ತು.

ಬಿಚ್ಚುವುದು ಅದೇ ಸಂಜೆ, ಮಗು ಎದ್ದಿರುವಾಗ ಬೇಡ. ಬಲೂನಿನ ಚೂರು ಮಕ್ಕಳ ಗಂಟಲಿಗೆ ಅತ್ಯಂತ ಅಪಾಯದ ವಸ್ತುಗಳಲ್ಲೊಂದು, ತೇವದ ರಬ್ಬರ್ ಶ್ವಾಸನಾಳಕ್ಕೆ ಮೆತ್ತಿಕೊಂಡರೆ ಕೆಮ್ಮಿದರೂ ಬರದು. ಸಿಡಿಸಬೇಡಿ. ಗಂಟಿನ ಪಕ್ಕ, ರಬ್ಬರ್ ಸಡಿಲವಿರುವ ಕತ್ತಿನಲ್ಲಿ ಕತ್ತರಿಯಿಂದ ಸಣ್ಣ ಗೀರು ಹಾಕಿದರೆ ಗಾಳಿ ಸುಯ್ಯೆಂದು ಇಳಿದು ಬಲೂನು ಇಡಿಯಾಗಿ ಕೈಯಲ್ಲುಳಿಯುತ್ತದೆ. ಒಂದೊಂದನ್ನೇ ಚೀಲಕ್ಕೆ ಹಾಕುತ್ತಾ ಎಣಿಸಿ. ಮೂರನೆಯ ಸಲ ಉಬ್ಬಿಸಿದ್ದು 104, ಚೀಲಕ್ಕೆ ಬಂದದ್ದು 103. ಉಳಿದೊಂದು ಸೋಫಾ ಕೆಳಗೆ ಒಡೆದು ಬಿದ್ದಿತ್ತು, ಅದು ಸಿಗುವವರೆಗೆ ಮಗುವನ್ನು ನೆಲಕ್ಕೆ ಇಳಿಸಲಿಲ್ಲ.